ಗೋಡೆಯ ಮೇಲಿನ ಅಮೂರ್ತ ಜಲವರ್ಣ: "ಇದು ಏನು?" ಎಂದವರಿಗೆ ಏನು ಹೇಳಲಿ?

ಅರ್ಧಶೀಟು

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ತಪ್ಪು ಮಾಡಿದೆನೋ ಸರಿ ಮಾಡಿದೆನೋ ತಿಳಿಯುತ್ತಿಲ್ಲ. ನೀವೇ ಹೇಳಿ.

ಕುಮಾರಕೃಪಾ ರಸ್ತೆಯ ಉದ್ದಕ್ಕೂ ಗಣಪತಿ, ಬುದ್ಧ, ಹಂಪಿಯ ಕಲ್ಲಿನ ರಥ, ಮತ್ತೆ ಗಣಪತಿ, ಮತ್ತೆ ಬುದ್ಧ. ಜನರ ನಡುವೆ ನೂಕಿಸಿಕೊಂಡು ಹೋಗುತ್ತಿದ್ದಾಗ, ಒಬ್ಬ ಯುವತಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದ ಏಳೆಂಟು ಜಲವರ್ಣಗಳು ಕಂಡವು. ಒಂದರಲ್ಲೂ ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ. ಒಂದರ ಮುಂದೆ ನಿಂತವನು ಕಾಲು ಗಂಟೆ ಕದಲಲಿಲ್ಲ. 4,500 ರೂಪಾಯಿ ಕೊಟ್ಟು ತಂದೆ.

15×22 ಇಂಚಿನ ಅಡ್ಡ ಹಾಳೆ. ಎಡಗಡೆಯ ಮೇಲ್ಮೂಲೆಯಲ್ಲಿ ಕಡುನೀಲಿ. ಅದು ಕೆಳಕ್ಕೆ, ಬಲಕ್ಕೆ ಹರಡುತ್ತಾ ಬಿಳಿಚಿಕೊಳ್ಳುತ್ತದೆ. ಅಡಿಯಲ್ಲಿ ಇಟ್ಟಿಗೆಯಂಥ ಕಂದು. ಎರಡೂ ಕೂಡುವಲ್ಲಿ ಬೂದಿ. ನಡುವೆ ಬಣ್ಣವೇ ತಾಗದ ಒಂದು ಬಿಳಿ ಪಟ್ಟಿ ಓರೆಯಾಗಿ ಹೋಗಿದೆ. ಬಲಗಡೆ ಹೆಬ್ಬೆರಳಿನಷ್ಟು ಕೆಂಪು, ಅದಕ್ಕೆ ಮಾತ್ರ ಕತ್ತರಿಸಿದಂಥ ಅಂಚು. ಇಷ್ಟೇ.

ಸೋಫಾದ ಮೇಲೆ ತೂಗುಹಾಕಿದ ದಿನ ಮಾವನವರು ಬಂದಿದ್ದರು. ತಲೆ ಎತ್ತಿ ನೋಡಿ, "ಮೇಲಿನ ಮನೆಯವರ ಬಚ್ಚಲು ಸೋರುತ್ತಿದೆಯೇ?" ಎಂದರು. ಹೆಂಡತಿ ಹೋಳಿಯ ಅಂಗಿಗೆ ಚೌಕಟ್ಟು ಹಾಕಿಸಿದಂತಿದೆ ಎಂದಳು. ನಾನು ಜಾಣನ ಹಾಗೆ, "ಬಣ್ಣ ನೋಡಿ, ಚಲನೆ ನೋಡಿ" ಎಂದೆ. "ಎಲ್ಲಿ ಚಲಿಸುತ್ತಿದೆ, ಬೆರಳಿಟ್ಟು ತೋರಿಸಿ" ಎಂದರು ಮಾವ. ಬೆರಳು ಎತ್ತಿದೆ, ಎಲ್ಲಿಡಬೇಕೆಂದು ತಿಳಿಯದೆ ಇಳಿಸಿದೆ.

ನನಗೆ ಅದು ಇಷ್ಟವಾಗಿರುವುದು ಸುಳ್ಳಲ್ಲ. ಏಕೆ ಎಂದು ಹೇಳಲು ಬಾರದು. ಇಂಥ ಚಿತ್ರವನ್ನು ಹೇಗೆ ನೋಡಬೇಕು? ತಿಳಿದವರು ದಯವಿಟ್ಟು ಸುಲಭವಾಗಿ ಹೇಳಿ, ಪ್ರದರ್ಶನದ ಕೈಪಿಡಿಯ ಭಾಷೆ ಬೇಡ.

ನೇರಮಾತು

ನಿಮ್ಮ ಮಾವನವರಿಗೆ ನನ್ನ ಮತ. ಯುಕೆಜಿ ಓದುವ ನನ್ನ ಮಗಳು ವಾರಕ್ಕೆ ಇಂಥ ನಾಲ್ಕು ಮಾಡುತ್ತಾಳೆ. ಫ್ರಿಡ್ಜಿನ ಬಾಗಿಲಿಗೆ ಅಂಟಿಸುತ್ತೇವೆ. ಖರ್ಚು ಒಂದು ಆಯಸ್ಕಾಂತ.

ಕಾಗದದ ದೋಣಿ

ಅರ್ಧಶೀಟು ಅವರೇ, ಕಲ್ಯಾಣಿ ರಾಗ ಕೇಳುವಾಗ "ಇದು ಏನು?" ಎಂದು ಯಾರಾದರೂ ಕೇಳುತ್ತಾರೆಯೇ? ಸುಮ್ಮನೆ ಕೇಳುತ್ತೇವೆ. ಹಾಗೆಯೇ ಸುಮ್ಮನೆ ನೋಡಿ. ಅರ್ಥ ಹುಡುಕಲು ಹೊರಟರೆ ಆನಂದ ಕೈತಪ್ಪುತ್ತದೆ.

ನೇರಮಾತು

ಈ ರಾಗದ ಹೋಲಿಕೆ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ, ಎರಡನೆಯ ಉತ್ತರಕ್ಕೇ ಬಂತು. ಕಲ್ಯಾಣಿಗೆ ಆರೋಹಣ, ಅವರೋಹಣ ಇವೆ, ಪ್ರತಿಮಧ್ಯಮ ಇದೆ. ಹಾಡುವವರು ಶುದ್ಧ ಮಧ್ಯಮ ಹಿಡಿದರೆ ಮುಂದಿನ ಸಾಲಿನ ಅಜ್ಜಿ ಮುಖ ಕಿವಿಚುತ್ತಾರೆ. ಇವರ ಚಿತ್ರದಲ್ಲಿ ಅಪಸ್ವರ ಯಾವುದು? ತಪ್ಪು ಮಾಡಲು ಸಾಧ್ಯವೇ ಇಲ್ಲದ ಕಡೆ ಸರಿ ಮಾಡಿದ್ದಕ್ಕೆ ಏನು ಬೆಲೆ? ಅದನ್ನು ಹೇಳಿ, ಆಮೇಲೆ "ಸುಮ್ಮನೆ ನೋಡು" ಎನ್ನಿ.

ಡ್ರಾಯಿಂಗ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನೇರಮಾತು ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅರ್ಧಶೀಟು ಅವರಿಗೆ ಬೇಕಾದ ಉತ್ತರವೂ ಅದರಲ್ಲೇ ಇದೆ. ಧಾರವಾಡದ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು.

ಜಲವರ್ಣದಲ್ಲಿ ಅಪಸ್ವರ ಬೇಕಾದಷ್ಟಿದೆ. ಎಲ್ಲಕ್ಕಿಂತ ಸಾಮಾನ್ಯವಾದುದು ಕೆಸರು. ಮೂರು ಬಣ್ಣ ಹಾಕಿ, ಸಮಾಧಾನವಾಗದೆ ನಾಲ್ಕನೆಯದನ್ನು ಹಾಕಿ, ಕುಂಚದಿಂದ ತಿಕ್ಕಿದರೆ ಹಾಳೆ ಕೆಸರಾಗುತ್ತದೆ. ತೈಲವರ್ಣದಲ್ಲಿ ಕೆರೆದು ತೆಗೆದು ಮತ್ತೆ ಹಚ್ಚಬಹುದು. ಇಲ್ಲಿ ಬೆಳಕು ಕೊಡುವುದು ಬಣ್ಣದ ಹಿಂದೆ ಇರುವ ಬಿಳಿ ಕಾಗದ. ಅದು ಒಮ್ಮೆ ಮುಚ್ಚಿಹೋದರೆ ಮುಗಿಯಿತು. ಅರ್ಧಶೀಟು ಅವರೇ, ನಿಮ್ಮ ಚಿತ್ರದ ನಡುವಿನ ಆ ಬಿಳಿ ಪಟ್ಟಿ ಬಿಟ್ಟುಹೋದ ಜಾಗವಲ್ಲ, ಉಳಿಸಿಕೊಂಡ ಜಾಗ. ಸುತ್ತ ನೀರು ಓಡಾಡುತ್ತಿರುವಾಗ ಅಷ್ಟು ಅಗಲವನ್ನು ಒಣಗಿದಂತೆಯೇ ಕಾಯುವುದು ಕೈ ನಡುಗುವ ಕೆಲಸ.

ಈಗ ನೋಡುವ ಬಗೆ. "ಇದು ಏನು" ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು "ಯಾವುದು ಮೊದಲು?" ಎಂದು ಕೇಳಿಕೊಳ್ಳಿ. ನನ್ನ ಮಕ್ಕಳಿಗೆ ಇದೊಂದನ್ನೇ ಹೇಳಿಕೊಡುತ್ತಿದ್ದೆ. ಅಂಚು ಮಸುಕಾಗಿ ಕರಗಿದ್ದರೆ ಬಣ್ಣ ಬಿದ್ದಾಗ ಕಾಗದ ಒದ್ದೆಯಾಗಿತ್ತು. ಅಂಚು ಕತ್ತರಿಸಿದಂತಿದ್ದರೆ ಕಾಗದ ಒಣಗಿತ್ತು. ಅಷ್ಟು ತಿಳಿದರೆ ಇಡೀ ಹಾಳೆಯನ್ನು ಓದಬಹುದು. ನಿಮ್ಮ ನೀಲಿಯೂ ಕಂದೂ ಒಂದರೊಳಗೊಂದು ಕರಗಿವೆ ಎಂದಿರಿ. ಅಂದರೆ ಎರಡೂ ಒಂದೇ ಉಸಿರಿನಲ್ಲಿ ಬಿದ್ದವು, ನೀರು ಇನ್ನೂ ಹೊಳೆಯುತ್ತಿತ್ತು. ಕೆಂಪಿನ ಅಂಚು ಚೂಪಾಗಿದೆ. ಅಂದರೆ ಆಕೆ ಎಲ್ಲ ಒಣಗುವವರೆಗೆ ಕಾದಿದ್ದಾಳೆ. ಬೆಳಗಾವಿಯ ಮಳೆಯಲ್ಲಾದರೆ ಒಂದು ಗಂಟೆ, ರಾಯಚೂರಿನ ಏಪ್ರಿಲ್‌ನಲ್ಲಾದರೆ ಐದು ನಿಮಿಷ. ಆಮೇಲೆ ಒಂದೇ ಸಲ ಕುಂಚ ಇಟ್ಟು ತೆಗೆದಿದ್ದಾಳೆ. ಚಲನೆ ಎಂದರೆ ಅದೇ. ಚಿತ್ರದಲ್ಲಿ ಏನೋ ಓಡುತ್ತಿದೆ ಎಂದಲ್ಲ. ನೀರು ಓಡಿದ್ದು, ನಿಂತದ್ದು, ಆಕೆ ಕಾದದ್ದು, ಎಲ್ಲವೂ ಕಾಗದದ ಮೇಲೆ ಬಿದ್ದ ಕ್ರಮದಲ್ಲೇ ಉಳಿದಿದೆ.

ಇನ್ನೊಂದು ಮಾತು. ಆ ನೀಲಿ ಅಲ್ಟ್ರಾಮರೀನ್, ಕಂದು ಬರ್ನ್ಟ್ ಸಿಯೆನ್ನಾ ಇರಬಹುದು. ಎರಡೂ ಕೂಡಿದರೆ ಬರುವ ಬೂದಿ ಬಣ್ಣ ಕಾರ್ಖಾನೆಯ ಬೂದಿಯಂತೆ ಚಪ್ಪಟೆಯಾಗಿರುವುದಿಲ್ಲ. ಹತ್ತಿರ ಹೋಗಿ ನೋಡಿ: ಕಾಗದದ ಗುಳಿಗಳಲ್ಲಿ ನೀಲಿಯ ಕಣಗಳು ರಾಗಿ ಹಿಟ್ಟು ಚೆಲ್ಲಿದಂತೆ ಕೂತಿರುತ್ತವೆ.

ಹೊಸಬ

ಯಾವುದು ಮೊದಲು ಎಂದು ಕೇಳಿಕೊಳ್ಳಿ ಎಂಬ ಮಾತು ಬಹಳ ಹಿಡಿಸಿತು ಮೇಷ್ಟ್ರೇ. ನಿಮ್ಮ ತರಗತಿಯಲ್ಲಿ ಕೂರಬೇಕಿತ್ತು. ನಮ್ಮ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಿದ್ದರು.

ಕಾಫಿ ಲೋಟ

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಭೌತಶಾಸ್ತ್ರ ಸೇರಿಸುತ್ತೇನೆ, ಬೇಡವಾದವರು ದಾಟಿಕೊಂಡು ಹೋಗಿ.

ಮೇಜಿನ ಮೇಲೆ ಕಾಫಿ ಹನಿ ಬಿದ್ದು ಒಣಗಿದರೆ ನಡುವೆ ತಿಳಿಯಾಗಿ, ಸುತ್ತ ಕಡುಕಂದು ಬಳೆ ಉಳಿಯುತ್ತದೆ. ಏಕೆ? ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ನಷ್ಟ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಅಷ್ಟು ದಿನ ಎಲ್ಲರೂ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದರು, ಅಷ್ಟೇ.

ಜಲವರ್ಣದ ಚೂಪು ಅಂಚಿನಲ್ಲಿ ಕಾಣುವ ಗಾಢ ಗೆರೆಯೂ ಇದೇ. ಅದನ್ನು ಯಾರೂ ಬರೆದಿಲ್ಲ. ನೀರು ಹೋಗುವಾಗ ಬಿಟ್ಟುಹೋದದ್ದು.

ನೇರಮಾತು

ಹಾಗಾದರೆ ಚಿತ್ರ ಬರೆದದ್ದು ನೀರು. ಹುಡುಗಿಗೆ ಏಕೆ 4,500?

ಬದು

ನೇರಮಾತು ಅಣ್ಣಾ, ನಾನು ಕಬ್ಬು ಬೆಳೆಯುವವನು, ಚಿತ್ರಕಲೆ ಗೊತ್ತಿಲ್ಲ. ಆದರೆ ಈ ಮಾತಿಗೆ ಸುಮ್ಮನಿರಲು ಆಗುವುದಿಲ್ಲ. ಗದ್ದೆಗೆ ನೀರು ಕಟ್ಟುವುದನ್ನು ನೋಡಿದ್ದೀರಾ? ನೀರು ತಾನಾಗಿಯೇ ಹರಿಯುತ್ತದೆ, ನಿಜ. ಆದರೆ ಯಾವ ಮಡಿಗೆ ಮೊದಲು ಬಿಡಬೇಕು, ಬದು ಎಲ್ಲಿ ಕಡಿಯಬೇಕು, ಯಾವಾಗ ಒಂದು ಗುದ್ದಲಿ ಮಣ್ಣು ಹಾಕಿ ಮುಚ್ಚಬೇಕು, ಇದು ತಿಳಿಯದವನು ನೀರು ಕಟ್ಟಿದರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಬಿರುಕು. ರಾತ್ರಿ ಕರೆಂಟು ಕೊಟ್ಟಾಗ ಕತ್ತಲಲ್ಲೇ ಕಟ್ಟುತ್ತೇವೆ. ನೀರು ಎಲ್ಲಿ ತಲುಪಿತು ಎಂದು ಕಾಲಿಗೆ ತಿಳಿಯುತ್ತದೆ, ಕಿವಿಗೆ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ನನ್ನ ಹೊಲ ನೋಡಿದರೆ ನಾನು ಎಲ್ಲಿ ತೂಕಡಿಸಿದೆ ಎಂದು ನಮ್ಮ ಅಪ್ಪ ಹೇಳಿಬಿಡುತ್ತಿದ್ದರು.

ಮಣ್ಣಿನ ಹದ ನೋಡಿ ಬಿತ್ತುತ್ತೇವೆ. ಹಸಿ ಇದ್ದರೆ ಬೀಜ ಕೊಳೆಯುತ್ತದೆ, ಒಣಗಿದರೆ ಹುಟ್ಟುವುದಿಲ್ಲ. ಮೇಷ್ಟ್ರು ಹೇಳುವ ಕಾಗದದ ಕಥೆಯೂ ಹಾಗೆಯೇ ಕೇಳುತ್ತಿದೆ.

ಡ್ರಾಯಿಂಗ್ ಮೇಷ್ಟ್ರು

ಬದು ಅವರೇ, ನಾವೂ ಕಾಗದದ "ಹದ" ಎಂದೇ ಹೇಳುವುದು. ಮೂವತ್ತು ವರ್ಷ ಆ ಪದ ಬಳಸಿದೆ. ಅದು ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ.

ನೇರಮಾತು

ಬದು ಅವರಿಗೆ ಸೋತೆ. ಚಿತ್ರಕ್ಕೆ ಇನ್ನೂ ಸೋತಿಲ್ಲ.

ಹಳೆಯ ಪುಟ

ಚರ್ಚೆ ಚೆನ್ನಾಗಿದೆ. ಸ್ವಲ್ಪ ಇತಿಹಾಸವೂ ಇರಲಿ. ಈ ಅಮೂರ್ತ ಜಲವರ್ಣವನ್ನು ಆರಂಭಿಸಿದವನು ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ, 1910ರಲ್ಲಿ. ಮೊದಲ ಅಮೂರ್ತ ಚಿತ್ರವೇ ಜಲವರ್ಣ ಎಂಬುದನ್ನು ಗಮನಿಸಿ.

ತಿದ್ದುಪಡಿ

ಎರಡು ಆಕ್ಷೇಪ. ಆ ಹಾಳೆಯ ಮೇಲೆ 1910 ಎಂದು ಬರೆದಿರುವುದು ನಿಜ. ಆದರೆ ಅದರ ರೂಪಗಳು 1913ರ ದೊಡ್ಡ ತೈಲಚಿತ್ರಕ್ಕೆ ಮಾಡಿದ ಕರಡುಗಳನ್ನು ಹೋಲುವುದರಿಂದ, ಇಸವಿಯನ್ನು ಆತ ಆಮೇಲೆ ಹಿಂದಿನ ದಿನಾಂಕ ಹಾಕಿ ಬರೆದಿರಬೇಕು ಎಂದು ಅನೇಕ ಕಲಾ ಇತಿಹಾಸಕಾರರು ವಾದಿಸಿದ್ದಾರೆ. ಎರಡನೆಯದು, ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906-07ರಲ್ಲೇ ಅಮೂರ್ತ ಚಿತ್ರಗಳನ್ನು ಮಾಡಿದ್ದಳು. ಹೊರಗೆ ಹೆಚ್ಚು ತೋರಿಸಲಿಲ್ಲ, ಅಷ್ಟೇ. "ಮೊದಲು" ಎಂಬ ಪದ ಬಳಸುವಾಗ ಒಂದು ಕಾಲು ಹಿಂದೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಪುಟ

ಸರಿ, "ಆರಂಭಿಸಿದವರಲ್ಲಿ ಒಬ್ಬ" ಎಂದು ತಿದ್ದಿಕೊಂಡೆ. ಆದರೆ ಆ ಹಾಳೆಯಲ್ಲಿ ಪೆನ್ಸಿಲ್ ಮತ್ತು ಶಾಯಿಯ ಗೆರೆಗಳು ಓಡಾಡುವ ಬಗೆ ನೋಡಿ. ನನಗೆ ಇರುವೆಗೂಡಿಗೆ ಕಡ್ಡಿ ಹಾಕಿದಂತೆ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಹೊರಟಿವೆ, ಒಂದೂ ಇನ್ನೊಂದರ ದಾರಿಯಲ್ಲಿಲ್ಲ.

ತಿದ್ದುಪಡಿ

ಅದಕ್ಕೆ ಆಕ್ಷೇಪವಿಲ್ಲ. ನನಗೆ ಮಾತ್ರ ಚಿತ್ರಕಾರ ಪಾಲ್ ಕ್ಲೇ ಇಷ್ಟ. 1914ರ ಏಪ್ರಿಲ್‌ನಲ್ಲಿ ಮಾಕೆ ಮತ್ತು ಮ್ವಾಲಿಯೆ ಎಂಬ ಚಿತ್ರಕಾರ ಗೆಳೆಯರ ಜೊತೆ ಟ್ಯುನೀಷಿಯಾಕ್ಕೆ ಹೋಗಿ ಮಾಡಿದ ಜಲವರ್ಣಗಳು. ಮನೆಗಳು ಚೌಕಗಳಾಗಿ, ಚೌಕಗಳು ಬರೀ ಬಣ್ಣಗಳಾಗಿ ಕರಗುತ್ತವೆ. ಅಲ್ಲಿ ನೀರು ಓಡುವುದಿಲ್ಲ, ಕಣ್ಣು ಓಡುತ್ತದೆ, ಚೌಕಾಬಾರದ ಕಾಯಿಯ ಹಾಗೆ ಮನೆಯಿಂದ ಮನೆಗೆ. ಮೇಷ್ಟ್ರು ಹೇಳಿದ ಚಲನೆಯೊಂದೇ ಚಲನೆಯಲ್ಲ. ಮಾಕೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುದ್ಧದಲ್ಲಿ ಸತ್ತ. 27 ವರ್ಷ.

ಡ್ರಾಯಿಂಗ್ ಮೇಷ್ಟ್ರು

ಒಪ್ಪಿದೆ. ಕಣ್ಣಿನ ಓಟ ಬೇರೆ, ನೀರಿನ ಓಟ ಬೇರೆ.

ಸೆರಗು

ಇಷ್ಟು ಹೊತ್ತು ನೀರಿನ ಮಾತೇ ಆಯಿತು, ಬಣ್ಣದ ಮಾತು ಯಾರೂ ಆಡಲಿಲ್ಲ. ನಮ್ಮದು ಸೀರೆ ಅಂಗಡಿ. ಇಳಕಲ್ ಸೀರೆಯ ಕೆಂಪು ಸೆರಗು ನೋಡಿರುತ್ತೀರಿ. ಅದೇ ಕೆಂಪು ದಾರ, ಒಡಲು ಹಸಿರಿದ್ದರೆ ಉರಿಯುತ್ತದೆ, ಒಡಲು ಕಡು ದಾಳಿಂಬೆ ಬಣ್ಣದ್ದಾದರೆ ಮಂಕಾಗುತ್ತದೆ. "ಈ ಸೀರೆಯ ಸೆರಗಿನ ಬಣ್ಣ ಹೋಗಿದೆ, ಆ ಸೀರೆಯದು ಚೆನ್ನಾಗಿದೆ" ಎಂದು ಗಿರಾಕಿಗಳು ಜಗಳಕ್ಕೆ ಬಂದರೆ ಎರಡು ಸೆರಗನ್ನೂ ಎಳೆದು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಬೇಕು. ಒಂದೇ ಬಣ್ಣ. ಅವರಿಗೆ ನಮ್ಮ ಮೇಲೆ ಇನ್ನೂ ಅನುಮಾನ.

ಆಮೇಲೆ ಓದಿ ತಿಳಿದದ್ದು: ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೂ ಇದೇ ದೂರು ಬಂದಿತ್ತು, ಕಪ್ಪು ಬಣ್ಣ ಸರಿಯಿಲ್ಲ ಎಂದು. ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ, ಪಕ್ಕದ ಬಣ್ಣದಿಂದ ಹಾಗೆ ಕಾಣುತ್ತಿತ್ತು. 1839ರಲ್ಲಿ ಅದರ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ನಾವು ಗಿರಾಕಿಗೆ ಕಾಫಿ ತರಿಸಿ ಸುಮ್ಮನಾಗುತ್ತೇವೆ.

ಅರ್ಧಶೀಟು ಸರ್, ಒಂದು ಕೆಲಸ ಮಾಡಿ. ಆ ಹೆಬ್ಬೆರಳಿನಷ್ಟು ಕೆಂಪನ್ನು ಬೆರಳಿನಿಂದ ಮುಚ್ಚಿ ಚಿತ್ರ ನೋಡಿ. ಮತ್ತೆ ತೆಗೆದು ನೋಡಿ. ನೀಲಿಯ ಬಣ್ಣ ಬದಲಾಗುತ್ತದೆಯೇ ಹೇಳಿ.

ಕಡಲತೀರ

ಬಣ್ಣ, ಚಲನೆ ಎಂದಾಗ ನಮ್ಮ ಉಡುಪಿ ಕಡೆಯವರಿಗೆ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೇ (1911-1996) ನೆನಪಾಗುವುದು. ಅವರು ಲಯವನ್ನು ಮೈಯಿಂದ ತಿಳಿಯಬೇಕೆಂದು ಕಥಕ್ ನೃತ್ಯವನ್ನೇ ಕಲಿತರು! ಚಿತ್ರಕಾರ ಗೆಜ್ಜೆ ಕಟ್ಟುವುದೆಂದರೆ ಯೋಚಿಸಿ. ಅವರ ಒಂದೇ ಗೆರೆಯಲ್ಲಿ ನರ್ತಕಿ ಸುತ್ತು ತಿರುಗಿ ನಿಂತಿರುತ್ತಾಳೆ. ನನಗಂತೂ ಅದನ್ನು ನೋಡಿದರೆ ಯಕ್ಷಗಾನದ ವೇಷಧಾರಿ ಪರದೆ ಸರಿಸಿ ಗಿರಕಿ ಹೊಡೆದಂತೆ ಕಾಣುತ್ತದೆ.

ತಿದ್ದುಪಡಿ

ಹೆಬ್ಬಾರರು ದೊಡ್ಡವರು. ಆದರೆ ಅಲ್ಲಿ ನರ್ತಕಿ ಇದ್ದಾಳೆ. ಇಲ್ಲಿ ಕೇಳಿರುವುದು ನರ್ತಕಿಯೇ ಇಲ್ಲದ ನೃತ್ಯದ ಬಗ್ಗೆ.

ಕಡಲತೀರ

ಗೊತ್ತಿದೆ ಮಾರಾಯರೇ. ನಿಮ್ಮ ಹೆಸರಿಗೆ ತಕ್ಕ ಹಾಗೆ ಇದ್ದೀರಿ. ಗೆರೆಯನ್ನು ಹಿಂಬಾಲಿಸಲು ಕಲಿಯುವುದಕ್ಕೆ ನರ್ತಕಿ ಇದ್ದರೆ ಅನುಕೂಲ ಎಂದೆ. ಕಲಿತ ಮೇಲೆ ಅವಳನ್ನು ಕಳುಹಿಸಿಕೊಟ್ಟರಾಯಿತು.

ಡ್ರಾಯಿಂಗ್ ಮೇಷ್ಟ್ರು

ಕಡಲತೀರ ಹೇಳಿದ ದಾರಿ ಒಳ್ಳೆಯದೇ. ಇನ್ನೊಂದು ದಾರಿ ಕೆ. ವೆಂಕಟಪ್ಪನವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು, ಆಮೇಲೆ ಊಟಿಯ ಜಲವರ್ಣಗಳನ್ನು ಮಾಡಿದರು. ಅವು ಅಮೂರ್ತವಲ್ಲವೇ ಅಲ್ಲ, ಒಂದೊಂದು ಮರವನ್ನೂ ತೂಕ ಹಾಕಿ ಇಟ್ಟಂತಿವೆ. ಆದರೆ ಮಂಜು ಇರುವ ಚಿತ್ರದ ಮುಂದೆ ನಿಂತು, ಎರಡು ಕೈಗಳನ್ನು ಚೌಕಟ್ಟಿನಂತೆ ಹಿಡಿದು ಮಂಜಿನ ಭಾಗವನ್ನಷ್ಟೇ ನೋಡಿ. ಬೆಟ್ಟ ಹೋಯಿತು, ಮರ ಹೋಯಿತು. ಉಳಿದದ್ದು ನಿಮ್ಮ ಸೋಫಾದ ಮೇಲಿನ ಚಿತ್ರವೇ. ಮಕ್ಕಳನ್ನು ಪ್ರವಾಸಕ್ಕೆ ಬೆಂಗಳೂರಿಗೆ ಕರೆತಂದಾಗ ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿ ಹೀಗೆ ನೋಡಿಸುತ್ತಿದ್ದೆ. ಕಾವಲುಗಾರ ಬಂದು "ಏನು ಮಾಡುತ್ತಿದ್ದೀರಿ?" ಎಂದು ಕೇಳಿದ್ದೂ ಇದೆ.

ಥೇಮ್ಸ್ ದಂಡೆ

ಮೇಷ್ಟ್ರೇ, ಲಂಡನ್ನಿನ ಕಲಾಸಂಗ್ರಹಾಲಯ ಟೇಟ್ ಬ್ರಿಟನ್‌ನಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರನ ಕೆಲವು ಜಲವರ್ಣ ಹಾಳೆಗಳಿವೆ. ಮೇಲೆ ಹಳದಿ, ಕೆಳಗೆ ನೀಲಿ, ನಡುವೆ ಏನೂ ಇಲ್ಲ. 1851ರಲ್ಲಿ ತೀರಿಕೊಂಡವನು. ನಾನು ಮೊದಲು ನೋಡಿದಾಗ ಇಪ್ಪತ್ತನೆಯ ಶತಮಾನದವು ಎಂದುಕೊಂಡೆ. ಆತ ಅವುಗಳನ್ನು ಪ್ರದರ್ಶಿಸಲಿಲ್ಲ, ಮುಂದಿನ ಚಿತ್ರಕ್ಕೆ ಮಾಡಿಕೊಂಡ ಸಿದ್ಧತೆ ಅಷ್ಟೇ. ಅಂದರೆ ಅಡುಗೆಗೆ ಹೆಚ್ಚಿಟ್ಟ ತರಕಾರಿಯನ್ನು ನಾವು ಊಟವೆಂದು ಉಣ್ಣುತ್ತಿದ್ದೇವೆ. ರುಚಿಯಾಗಿಯೇ ಇದೆ.

ಒಂದು ಮಾತು, ಅಂಥ ಹಾಳೆಗಳನ್ನು ಇಡುವ ಕೋಣೆಗಳು ಮಬ್ಬುಗತ್ತಲಾಗಿರುತ್ತವೆ. ಜಲವರ್ಣಕ್ಕೆ, ಬೆಳಕಿನ ಅಳತೆಯಲ್ಲಿ, 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳ ವಾಡಿಕೆ. ಅರ್ಧಶೀಟು ಅವರ ಸೋಫಾ ಎದುರು ಕಿಟಕಿ ಇದೆಯೇ?

ಅರ್ಧಶೀಟು

ಇದೆ! ಸಂಜೆ ನಾಲ್ಕರಿಂದ ಆರರವರೆಗೆ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತದೆ. ಹೊಳೆಯುತ್ತದೆ ಎಂದು ಬೇಕೆಂದೇ ಅಲ್ಲಿ ಹಾಕಿದೆ.

ಥೇಮ್ಸ್ ದಂಡೆ

ಇವತ್ತೇ ತೆಗೆಯಿರಿ. ಅಲ್ಟ್ರಾಮರೀನ್ ಗಟ್ಟಿ, ಕಂದು ಮಣ್ಣಿನ ಬಣ್ಣ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಆ ಕೆಂಪು ಅಲಿಜರಿನ್ ಕ್ರಿಮ್ಸನ್ ಆಗಿದ್ದರೆ ಮೊದಲು ಹೋಗುವುದು ಅದೇ.

ಕಡಲತೀರ

ಬಿಸಿಲು ಬಿಡಿ, ನಮ್ಮಲ್ಲಿ ಬೂಸ್ಟು. ಎರಡು ಮಳೆಗಾಲಕ್ಕೆ ಜಲವರ್ಣದ ಹಾಳೆಯ ಮೇಲೆ ಕಂದು ಚುಕ್ಕೆಗಳು ಎದ್ದವು. ಕಾಗದಕ್ಕೆ ಹಚ್ಚುವ ಜೆಲಾಟಿನ್ ಅಂಟು ಬೂಸ್ಟಿಗೆ ಹಬ್ಬದೂಟ. ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಮೌಂಟ್ ಹಾಕಿಸಿದ್ದೀರಾ?

ಅರ್ಧಶೀಟು

ಇಲ್ಲ. ಚೌಕಟ್ಟಿನ ಅಂಗಡಿಯವರು "ಮೌಂಟ್ ಏಕೆ ಸರ್, ಚಿತ್ರ ದೊಡ್ಡದಾಗಿ ಕಾಣಲಿ" ಎಂದು ಗಾಜನ್ನು ನೇರವಾಗಿ ಹಾಳೆಯ ಮೇಲೆ ಕೂರಿಸಿಬಿಟ್ಟರು.

ಕಡಲತೀರ

ಅಯ್ಯೋ. ಬಿಚ್ಚಿಸಿ.

ಸೆರಗು

ಮೊದಲು ಕೆಂಪು ಮುಚ್ಚಿ ನೋಡಿ ಎಂದಿದ್ದೆ, ಅದನ್ನು ಮರೆಯಬೇಡಿ.

ಹೊಸಬ

ವಿಷಯಕ್ಕೆ ಸಂಬಂಧವಿಲ್ಲ, ಕ್ಷಮಿಸಿ. ಜಲವರ್ಣ ಕಲಿಯಬೇಕೆಂದಿದ್ದೇನೆ. ಯಾವ ಕಾಗದ ಕೊಳ್ಳಲಿ? ಅಂಗಡಿಯಲ್ಲಿ ಒಂದು ಹಾಳೆಯ ಬೆಲೆ ಕೇಳಿ ಹಿಂದಿರುಗಿದೆ.

ಡ್ರಾಯಿಂಗ್ ಮೇಷ್ಟ್ರು

300 ಜಿಎಸ್‌ಎಂ (ಕಾಗದದ ತೂಕದ ಅಳತೆ), ನೂರಕ್ಕೆ ನೂರು ಹತ್ತಿಯದು. ಬಣ್ಣದಲ್ಲಿ ಉಳಿಸಿ, ಕುಂಚದಲ್ಲಿ ಉಳಿಸಿ, ಕಾಗದದಲ್ಲಿ ಉಳಿಸಬೇಡಿ. ತೆಳು ಕಾಗದ ನೀರು ಬಿದ್ದರೆ ಹಪ್ಪಳವಾಗುತ್ತದೆ. 22×30 ಇಂಚಿನ ಪೂರ್ತಿ ಹಾಳೆ ಕೊಂಡು ಎಂಟು ತುಂಡು ಮಾಡಿಕೊಳ್ಳಿ, ಕೈಗೆಟುಕುತ್ತದೆ. ಹಿಂಬದಿಯನ್ನೂ ಬಳಸಿ.

ಅರ್ಧಶೀಟು

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೇಳುವುದು ಬಹಳ ಇದೆ.

ಸೆರಗು ಅವರೇ, ಮುಚ್ಚಿ ನೋಡಿದೆ. ಕೆಂಪು ಹೋದರೆ ನೀಲಿ ಸುಮ್ಮನೆ ನೀಲಿ, ಸಂಜೆಯ ಆಕಾಶದಂತೆ ಮಲಗಿಬಿಡುತ್ತದೆ. ಬೆರಳು ತೆಗೆದೊಡನೆ ಎದ್ದು ಕೂರುತ್ತದೆ, ಸ್ವಲ್ಪ ಹಸಿರು ಬೆರೆತ ಹಾಗೆ. ಮಗ ಮೂರು ಸಲ ನನ್ನ ಕೈ ಹಿಡಿದು ಮುಚ್ಚಿ ತೆಗೆದು ಆಟವಾಡಿದ.

ಆಮೇಲೆ ಚೌಕಟ್ಟು ಬಿಚ್ಚಿದೆವು. ಮಾವನವರು ನಿವೃತ್ತ ಬ್ಯಾಂಕ್ ನೌಕರರು, ಯಾವ ಕಾಗದವನ್ನಾದರೂ ಎರಡೂ ಬದಿ ನೋಡದೆ ಕೆಳಗಿಡುವವರಲ್ಲ. ಕನ್ನಡಕ ಹಾಕಿ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟುಕೊಂಡರು. ಮೊದಲು ಸಿಕ್ಕಿದ್ದು ಒಂದು ಕೂದಲು, ಕುಂಚದ್ದು, ನೀಲಿಯೊಳಗೆ ಅಂಟಿ ಒಣಗಿದೆ. "ದೋಷವಿರುವ ಸರಕು, ಬದಲಾಯಿಸಿಕೊಂಡು ಬನ್ನಿ" ಎಂದರು. ಎರಡನೆಯದು ನನಗಂತೂ ದಂಗುಬಡಿಸಿತು. ಚೌಕಟ್ಟಿನ ಮರ ಮುಚ್ಚಿದ್ದ ಕಾಲಿಂಚಿನಲ್ಲಿ, ಬಲಗಡೆಯ ಅಂಚಿಗೆ, ಒಣಗಿದ ಮೂರು ನೀಲಿ ಹನಿಗಳು. ಉದ್ದಕ್ಕೆ ಇಳಿದು, ಅಂಚಿನಲ್ಲಿ ದಪ್ಪಗೆ ನಿಂತಿವೆ. ಕೆಳ ಅಂಚಿನಲ್ಲಿ ಒಂದೂ ಇಲ್ಲ.

ಮಾವ ಹಾಳೆಯನ್ನು ತಿರುಗಿಸಿ ಬಲಗಡೆ ಕೆಳಗೆ ಬರುವಂತೆ ಹಿಡಿದರು. "ನೀರು ಹೀಗೆ ಇಳಿದಿದೆ. ನೀವು ಅಡ್ಡಲಾಗಿ ತೂಗುಹಾಕಿದ್ದೀರಿ" ಎಂದರು. ಹೌದು! ಆ ಹುಡುಗಿ ಬರೆಯುವಾಗ ಹಾಳೆ ಉದ್ದಕ್ಕೆ ನಿಂತಿತ್ತು. ನಾನು ಇಷ್ಟು ದಿನ "ನೀಲಿ ಬಲಕ್ಕೆ ಹರಡುತ್ತಿದೆ" ಎಂದು ನೋಡುತ್ತಿದ್ದುದು ಹರಡಿದ್ದಲ್ಲ, ಬಿದ್ದದ್ದು. ಓರೆಯಾದ ಬಿಳಿ ಪಟ್ಟಿ ಆ ಬೀಳುವ ನೀರಿಗೆ ಅಡ್ಡ ಇಟ್ಟ ಬದು. ಅದರ ಮೇಲ್ದಂಡೆಯಲ್ಲಿ ನೀಲಿ ತಡೆದು ನಿಂತು ಗಾಢವಾಗಿದೆ, ಕಾಫಿ ಲೋಟ ಹೇಳಿದ ಬಳೆಯ ಹಾಗೆ. ಪಟ್ಟಿಯ ಕೊನೆ ದಾಟಿದ ನೀರು ಮಾತ್ರ ತೆಳುವಾಗಿ ಮುಂದೆ ಹೋಗಿದೆ. ಈ ಸಲ ಬೆರಳಿಟ್ಟು ತೋರಿಸಿದವರು ಮಾವ. ನಾನು ನೋಡುತ್ತಿದ್ದೆ.

ಬದು

ಪಟ್ಟಿಯ ಕೊನೆಯಲ್ಲಿ ದಾಟಿದ್ದು ಬೇಕೆಂದೇ ಬಿಟ್ಟ ದಾರಿ ಇರಬೇಕು. ಪೂರ್ತಿ ಕಟ್ಟಿದರೆ ಬದು ಒಡೆಯುತ್ತದೆ.

ನೇರಮಾತು

ಹಾಗಾದರೆ ಚಿತ್ರ ತಲೆಕೆಳಗಾಗಿ ಅಲ್ಲದಿದ್ದರೂ ಅಡ್ಡಕೆಳಗಾಗಿ ತೂಗುತ್ತಿತ್ತು! ಚಿತ್ರಸಂತೆಯಲ್ಲಿ ಆಕೆ ಹೇಗೆ ಹಾಕಿದ್ದಳು?

ಅರ್ಧಶೀಟು

ಅಡ್ಡಲಾಗಿಯೇ. ಸಹಿಯೂ ಅಡ್ಡ ಹಿಡಿದಾಗ ಬಲ ಕೆಳಮೂಲೆಯಲ್ಲಿದೆ.

ನೇರಮಾತು

ಬರೆದವಳಿಗೇ ಯಾವ ಕಡೆ ಮೇಲೆ ಎಂದು ಗೊತ್ತಿಲ್ಲ. ನನ್ನ ಪ್ರಕರಣ ಇಲ್ಲಿಗೆ ಮುಗಿಯಿತು, ತೀರ್ಪು ಕೊಡಿ.

ಡ್ರಾಯಿಂಗ್ ಮೇಷ್ಟ್ರು

ಆತುರ ಬೇಡ. ಹಲಗೆಯನ್ನು ಎತ್ತಿ, ವಾಲಿಸಿ, ತಿರುಗಿಸಿ ನೀರನ್ನು ಓಡಿಸುವುದೇ ಈ ಕೆಲಸ. ಆಮೇಲೆ ನಾಲ್ಕೂ ಕಡೆಯಿಂದ ನೋಡಿ, ಯಾವ ಕಡೆ ನಿಂತರೆ ತೂಕ ಸರಿಯಾಗುತ್ತದೆಯೋ ಅಲ್ಲಿ ಸಹಿ ಹಾಕುತ್ತಾರೆ. ಉದ್ದಕ್ಕೆ ಹಿಡಿದರೆ ನೀರು ಬೀಳುವುದು ಎಲ್ಲರಿಗೂ ತಿಳಿಯುತ್ತದೆ, ಜಲಪಾತದ ಕ್ಯಾಲೆಂಡರ್ ಆಗುತ್ತದೆ. ಅಡ್ಡ ಹಾಕಿದ್ದರಿಂದಲೇ ಬೀಳುವ ನೀರು ಬೀಳದೆ ಪಕ್ಕಕ್ಕೆ ಎಳೆಯುತ್ತದೆ. ಅರ್ಧಶೀಟು ಅವರನ್ನು ಫುಟ್‌ಪಾತಿನಲ್ಲಿ ಕಾಲು ಗಂಟೆ ಹಿಡಿದು ನಿಲ್ಲಿಸಿದ್ದು ಅದೇ ಇರಬೇಕು. ಜಾಣ ಹುಡುಗಿ.

ತಿದ್ದುಪಡಿ

ಒಂದು ಸಣ್ಣ ಸಂಗತಿ. ಕೂದಲನ್ನು ಕೀಳಬೇಡಿ, ಬಣ್ಣ ಸಮೇತ ಏಳುತ್ತದೆ.

ಅರ್ಧಶೀಟು

ಮಾವನವರೇ ಕೀಳಲು ಬಿಡಲಿಲ್ಲ. ಈಗ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸುತ್ತಾರೆ. ಚಿತ್ರ ಕಿಟಕಿಯಿಂದ ದೂರ, ಊಟದ ಕೋಣೆಗೆ ಹೋಗಿದೆ, ಮೌಂಟ್ ಸಮೇತ. ಹೆಂಡತಿ ಇನ್ನೂ ಹೋಳಿಯ ಅಂಗಿ ಎಂದೇ ಕರೆಯುತ್ತಾಳೆ.

ನೇರಮಾತು

ಭಾನುವಾರ ಮಗಳ ಬಣ್ಣದ ಡಬ್ಬಿ ತೆಗೆದುಕೊಂಡು ಕೂತೆ. ಬಿಳಿ ಪಟ್ಟಿ ಬಿಟ್ಟು ಸುತ್ತ ನೀಲಿ ಹಾಕಿ ನೀರು ಬಿಡುವುದು, ಅದೆಷ್ಟರ ಕೆಲಸ ಎಂದು. ಮೊದಲ ಹಾಳೆಯಲ್ಲಿ ನೀರು ಪಟ್ಟಿಯನ್ನು ನುಂಗಿತು. ಎರಡನೆಯದರಲ್ಲಿ ಹೆದರಿ ಕಡಿಮೆ ನೀರು ಹಾಕಿದೆ, ಗೋಡೆಗೆ ಸುಣ್ಣ ಹೊಡೆದಂತೆ ಆಯಿತು. ಮೂರನೆಯದರಲ್ಲಿ ನೀಲಿ ಅರ್ಧ ಒಣಗಿದ ಮೇಲೆ ಒಂದು ಹನಿ ಬಿತ್ತು, ನಡುವೆ ಹೂಕೋಸಿನಂಥ ಕಲೆ ಅರಳಿತು. ನಾಲ್ಕು, ಐದು, ಆರು ಕೆಸರು. ಮಗಳು ಪಕ್ಕದಲ್ಲಿ ಕೂತು ಒಂದೇ ಏಟಿಗೆ ಏನೋ ಮಾಡಿ ಎದ್ದುಹೋದಳು. ಅವಳದು ಚೆನ್ನಾಗಿದೆ, ಅದು ಬೇರೆ ವಿಷಯ. ಇನ್ನೊಂದು ಮಾಡು ಎಂದರೆ ಹಾಗೆಯೇ ಬರಲಿಲ್ಲ.

ಮೇಷ್ಟ್ರೇ, ಹದ ಬಂತು ಎಂದು ತಿಳಿಯುವುದು ಹೇಗೆ?

ಡ್ರಾಯಿಂಗ್ ಮೇಷ್ಟ್ರು

ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿ. ಕನ್ನಡಿಯಂತೆ ಹೊಳೆದರೆ ಬಣ್ಣ ಊರೆಲ್ಲ ಓಡುತ್ತದೆ. ಹೊಳಪು ಹೋಗಿ ರೇಷ್ಮೆಯಂತೆ ಮಂಕಾದಾಗ ಹಾಕಿದ ಬಣ್ಣ ಸ್ವಲ್ಪವೇ ಹರಡಿ ನಿಲ್ಲುತ್ತದೆ. ಆಮೇಲೆ ನೀರು ತಾಗಿಸಬೇಡಿ, ಹೂಕೋಸು ಏಳುವ ಹೊತ್ತು ಅದೇ. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಅಂಗೈಯ ಹಿಂಬದಿಯನ್ನು ಹಗುರವಾಗಿ ಇಡಿ. ತಣ್ಣಗಿದ್ದರೆ ಇನ್ನೂ ಕಾಯಿರಿ.

ನೇರಮಾತು

ಹಾಳೆ ಮುಗಿದಿವೆ. ನಾಳೆ ತರುತ್ತೇನೆ, ಹತ್ತಿಯದು.

4,500 ಆದರೂ ಹೆಚ್ಚೇ ಆಯಿತು.